ಎದೆಯನ್ನು ಶುಚಿಮಾಡಿಕೊಳ್ಳುವದು: ಒಂದು ಇಂಗ್ಲಿಷ್ ನುಡಿಯ ವಿಷಯವಾದ ಪಾಠ

ನಮ್ಮ ಸಭೆಗಳ ಯೌವನಸ್ಥರಲ್ಲಿ ಇಂಗ್ಲಿಷ್ ಪುಸ್ತಕಗಳನ್ನು ಓದುವವರು ಅನೇಕರಿದ್ದಾರೆ. ಅವರು ಆ ಭಾಷೆಯ ಒಂದೊಂದು ಶಬ್ದದ ಅರ್ಥವನ್ನು ಬಲ್ಲವರಾದರೂ ಹಲವು ಶಬ್ದಗಳು ಕೂಡಿ ಒಂದು ನುಡಿಕಟ್ಟಾದಾಗ ಅದರ ಭಾವವು ಹೊಳೆಯದೆ ತೊಡಕಿಗೊಳಗಾಗುವದುಂಟು. ಅಂಥವುಗಳಲ್ಲಿ 'ಮೇಕ್ ಎ ಕ್ಲೀನ್ ಬ್ರೆಸ್ಟ್ ಆಫ್ ಇಟ್' ಎಂಬದೊಂದು. ಶಬ್ದಕ್ಕೆ ಶಬ್ದವಿಟ್ಟು ಹೇಳಿದರೆ, 'ಅದರ ವಿಷಯದಲ್ಲಿ ಎದೆಯನ್ನು ಶುಚಿಮಾಡಿಕೋ' ಎಂದಾಗುತ್ತದೆ. ತಾನು ಮಾಡಿದ ತಪ್ಪನ್ನು ಒಳಗೆ ಬಚ್ಚಿಟ್ಟುಕೊಂಡಿದ್ದವನು ಕಡೆಗೆ ಏನನ್ನೂ ಉಳಿಸಿಕೊಳ್ಳದೆ ಎಲ್ಲವನ್ನೂ ಹೇಳಿಬಿಡುವದಕ್ಕೆ ಇಂಗ್ಲಿಷರು ಈ ಮಾತನ್ನು ಉಪಯೋಗಿಸುತ್ತಾರೆ. 18ನೆಯ ಶತಮಾನದಿಂದ ಇದು ಅವರ ಅಚ್ಚಿನ ಬರವಣಿಗೆಯಲ್ಲಿ ಕಾಣಬರುತ್ತದೆ.

ಎದೆಯು ಗುಟ್ಟುಗಳ ಪೆಟ್ಟಿಗೆ ಎಂಬ ಎಣಿಕೆಯು ಆ ಜನರಿಗೆ ಮಾತ್ರ ಸೇರಿದ್ದಲ್ಲ. ನಮ್ಮಲ್ಲಿಯೂ 'ಎದೆಬಿಚ್ಚಿ ಮಾತಾಡಿದನು' ಎನ್ನುತ್ತೇವೆ. 'ಹೇಳಿಕೊಂಡ ಮೇಲೆ ಎದೆ ಹಗುರವಾಯಿತು' ಎನ್ನುತ್ತೇವೆ. ಲೂಕನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ದೇವಾಲಯದೊಳಗೆ ದೂರದಲ್ಲಿ ನಿಂತ ಸುಂಕದವನು ಬಡಿದುಕೊಂಡದ್ದು ಎದೆಯನ್ನೇ. ಆದರೂ ಒಂದು ಭೇದವುಂಟು. ನಾವು ಎದೆಬಿಚ್ಚುವದು ದುಃಖಕ್ಕೂ ಆಗಬಹುದು, ಸಂತೋಷಕ್ಕೂ ಆಗಬಹುದು. ಇಂಗ್ಲಿಷ್ ನುಡಿಯಾದರೋ ಬಚ್ಚಿಟ್ಟ ತಪ್ಪಿಗೇ ಮೀಸಲಾದಂತಿದೆ. ಯಾಕಂದರೆ ಅದರಲ್ಲಿ 'ಕ್ಲೀನ್' ಎಂಬ ಶಬ್ದವು ಸೇರಿಕೊಂಡು, ಒಳಗೆ ಕೊಳೆಯಿತ್ತೆಂಬದನ್ನು ಮೊದಲೇ ತಿಳಿಸುತ್ತದೆ. ಅರ್ಧ ತೆಗೆದ ಕೊಳೆಗೆ ಶುಚಿ ಎಂಬ ಹೆಸರು ಸಲ್ಲದು. ಅಂಗಳವನ್ನು ಗುಡಿಸಿ ಕಸವನ್ನು ಮೂಲೆಗೆ ತಳ್ಳಿ ಬಂದ ಸೊಸೆಗೆ, ಅಂಗಳವು ಶುಚಿಯಾಯಿತೆಂದು ಯಾವ ಅತ್ತೆಯೂ ಹೇಳಳು.

ಆ ನುಡಿಯ ಕೊನೆಯಲ್ಲಿ 'ಆಫ್ ಇಟ್' ಎಂಬ ಎರಡು ಚಿಕ್ಕ ಶಬ್ದಗಳು ಉಂಟಷ್ಟೆ. ಓದುವವರು ಇವುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೋಗುತ್ತಾರೆ. ನಮ್ಮ ಎಣಿಕೆಯಲ್ಲಿ ನುಡಿಯ ಬಲವೆಲ್ಲಾ ಅಲ್ಲಿಯೇ ಇದೆ. ಎದೆಯನ್ನು ಶುಚಿಮಾಡುವದು ಯಾವದರ ವಿಷಯದಲ್ಲಿ? 'ಅದರ' ವಿಷಯದಲ್ಲಿ. ಅಂದರೆ ಇಂಥ ದಿವಸ, ಇಂಥ ಸ್ಥಳದಲ್ಲಿ, ಇಂಥವರಿಗೆ ಮಾಡಿದ ಇಂಥ ಕೃತ್ಯದ ವಿಷಯದಲ್ಲಿ. ಒಬ್ಬ ಒಕ್ಕಲಿಗನು ತನ್ನ ಸರದಿಯಲ್ಲದ ರಾತ್ರಿಯಲ್ಲಿ ನೆರೆಯವನ ಗದ್ದೆಗೆ ಹೋಗುತ್ತಿದ್ದ ಕಾಲುವೆಯ ನೀರನ್ನು ತನ್ನ ಗದ್ದೆಗೆ ತಿರುಗಿಸಿಕೊಂಡನೆನ್ನೋಣ. ನೆರೆಯವನ ಪೈರು ಬಾಡಿತು. ಕೆಲವು ದಿವಸಗಳಾದ ಮೇಲೆ ಇವನ ಮನಸ್ಸಾಕ್ಷಿಯು ಚುಚ್ಚಲಾಗಿ ಅವನ ಮನೆಯ ಜಗಲಿಯ ಮೇಲೆ ಕೂತು, 'ಅಣ್ಣಾ, ನಾವೆಲ್ಲರೂ ಪಾಪಿಗಳೇ, ಮನುಷ್ಯನೆಂದ ಮೇಲೆ ತಪ್ಪು ಆಗಿಯೇ ಆಗುತ್ತದೆ' ಎಂದು ನಿಟ್ಟುಸಿರುಬಿಟ್ಟರೆ ಅದು ಸುಳ್ಳಲ್ಲ. ಆದರೆ ನೀರಿನ ಮಾತು ಅದರಲ್ಲಿ ಎಲ್ಲಿ? ಕಾಲುವೆಯ ಮಡೆಯನ್ನು ತೆಗೆದ ಕೈ ಅದರಲ್ಲಿ ಎಲ್ಲಿ?

ಈ ವಿಷಯದಲ್ಲಿ ನಮ್ಮ ಕನ್ನಡವೇ ನಮಗೆ ಒಂದು ಅಡಗುವ ಸ್ಥಳವನ್ನು ಕೊಟ್ಟಿರುತ್ತದೆ. 'ತಪ್ಪಾಯಿತು' ಎಂದು ದಿನವೂ ಹೇಳುತ್ತೇವೆ. ಮಳೆಯಾಯಿತು, ಸಂಜೆಯಾಯಿತು, ತಪ್ಪಾಯಿತು. ಈ ಮೂರರಲ್ಲಿ ಯಾವದಕ್ಕೂ ಮಾಡಿದವನು ಬೇಡ. 'ತಪ್ಪು ಮಾಡಿದೆನು' ಎಂದರೆ ಮಾತ್ರ ಕ್ರಿಯಾಪದದ ಕೊನೆಯಲ್ಲಿಯೇ ಮಾಡಿದವನು ನಿಂತುಕೊಂಡಿರುತ್ತಾನೆ. ಬಳಕೆಯ 'ತಪ್ಪಾಯಿತು' ಎಂಬದನ್ನು ನಾವು ಹಳಿಯುವದಿಲ್ಲ. ಅದರಲ್ಲಿ ವಿನಯವುಂಟು, ಸಣ್ಣ ಕಾರ್ಯಗಳಿಗೆ ಅದು ಸಾಕು. ಇಂಗ್ಲಿಷಿನಲ್ಲಿಯೂ ಇಂಥ ಅಡಗುದಾಣವುಂಟು. 1987ರ ಜನವರಿಯಲ್ಲಿ ಅಮೇರಿಕದ ಅಧ್ಯಕ್ಷನಾಗಿದ್ದ ರೊನಾಲ್ಡ್ ರೀಗನನು ಇರಾನಿಗೆ ಆಯುಧಗಳನ್ನು ಮಾರಿದ ಸಂಗತಿಯನ್ನು ಕುರಿತು ಮಾತಾಡುವಾಗ, ತಪ್ಪುಗಳು ಮಾಡಲ್ಪಟ್ಟವೆಂದು ಹೇಳಿ, ಮಾಡಿದವರು ಯಾರೆಂಬದನ್ನು ವಾಕ್ಯದ ಹೊರಗೆ ಬಿಟ್ಟನು. ಅದೇ ವರುಷದ ಮಾರ್ಚಿಯಲ್ಲಿ ಆ ಹೊಣೆಯನ್ನು ತನ್ನ ಮೇಲೆ ತೆಗೆದುಕೊಳ್ಳಬೇಕಾಯಿತು.

ತಪ್ಪನ್ನು ಒಪ್ಪುವದಕ್ಕೆ ಆ ಭಾಷೆಯಲ್ಲಿ ಇನ್ನೊಂದು ನುಡಿಯುಂಟು: 'ಈಟ್ ಹಂಬಲ್ ಪೈ', ಅಂದರೆ 'ದೀನತೆಯ ಪೈಯನ್ನು ತಿನ್ನುವದು'. ಪೈ ಎಂದರೆ ಹಿಟ್ಟಿನ ಪೊರೆಯೊಳಗೆ ಮಾಂಸವನ್ನಾಗಲಿ ಹಣ್ಣನ್ನಾಗಲಿ ತುಂಬಿ ಬೇಯಿಸುವ ಭಕ್ಷ್ಯ. ಇದರ ಹುಟ್ಟು ವಿನೋದವಾದದ್ದು. ಜಿಂಕೆಯ ಗುಂಡಿಗೆ, ಪಿತ್ತಕೋಶ ಮೊದಲಾದ ಒಳಭಾಗಗಳಿಗೆ ಹಳೆಯ ಇಂಗ್ಲಿಷಿನಲ್ಲಿ 'ನಂಬಲ್ಸ್' ಎಂಬ ಹೆಸರಿತ್ತು. ಜನರ ಬಾಯಲ್ಲಿ ಮೊದಲಿನ 'ನ'ಕಾರವು ಬಿದ್ದುಹೋಗಿ ಅದು 'ಅಂಬಲ್ಸ್' ಆಯಿತು. ದೀನ ಎಂಬರ್ಥದ 'ಹಂಬಲ್' ಶಬ್ದದಲ್ಲಿಯೂ ಆ ಕಾಲದ ಅನೇಕರು 'ಹ'ಕಾರವನ್ನು ಉಚ್ಚರಿಸುತ್ತಿರಲಿಲ್ಲ. ಹೀಗೆ ಜಿಂಕೆಯ ಒಳಭಾಗಗಳ ಪೈಯೂ ದೀನತೆಯ ಪೈಯೂ ಕಿವಿಗೆ ಒಂದೇ ಆಗಿ, 19ನೆಯ ಶತಮಾನದ ಮೊದಲ ಭಾಗದಲ್ಲಿ ಈ ಹಾಸ್ಯದ ನುಡಿಯು ಹುಟ್ಟಿತು. ಒಡೆಯನು ಒಳ್ಳೇ ಮಾಂಸವನ್ನು ತಿಂದು ಆಳುಗಳಿಗೆ ಒಳಭಾಗಗಳನ್ನು ಕೊಡುತ್ತಿದ್ದದರಿಂದ ಈ ಮಾತು ಬಂತೆಂದು ಹೇಳುವವರೂ ಇದ್ದಾರೆ. ಅದು ಪೂರಾ ಸರಿಯೆಂದು ನಮಗೆ ತೋರುವದಿಲ್ಲ. ಯಾಕಂದರೆ 1662ರಲ್ಲಿ ಲಂಡನಿನ ಸ್ಯಾಮ್ಯುವೆಲ್ ಪೀಪ್ಸನು ಇಂಥ ಪೈಯನ್ನು ತನ್ನ ಮನೆಯಲ್ಲಿ ಬೇಯಿಸಿ, ಎಲ್ಲವೂ ಚೆನ್ನಾಗಿತ್ತೆಂದು ತೃಪ್ತಿಯಿಂದ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಅವನು ದರಿದ್ರನೂ ಅಲ್ಲ, ಆಳೂ ಅಲ್ಲ. ನೌಕಾದಳದ ದೊಡ್ಡ ಅಧಿಕಾರಿ.

ಇಲ್ಲಿ ನಮ್ಮ ಓದುಗರು ಒಂದು ಸಂಗತಿಯನ್ನು ಗಮನಿಸಬೇಕು. ಇಂಗ್ಲಿಷ್ ನುಡಿಯಲ್ಲಿ ತಿನ್ನುವವನು ತಪ್ಪಿತಸ್ಥನು. ಕನ್ನಡದಲ್ಲಿಯೂ ತಪ್ಪಿಗೂ ಹೊಟ್ಟೆಗೂ ಸಂಬಂಧವುಂಟು. ಆದರೆ ತಿನ್ನುವವನು ಬೇರೆ. 'ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿರಿ' ಎಂದು ನಾವು ಬೇಡುವದು ನಮ್ಮಿಂದ ನೊಂದವರನ್ನು. ನುಂಗುವ ಕಷ್ಟವನ್ನು ನಮ್ಮ ಭಾಷೆಯು ಕ್ಷಮಿಸುವವರ ಪಾಲಿಗೆ ಇಟ್ಟಿರುತ್ತದೆ. ಕ್ಷಮಿಸುವದಕ್ಕೆ ಎಷ್ಟು ಬೆಲೆ ತಗಲುತ್ತದೆಂಬದನ್ನು ಬಲ್ಲ ಜನರು ಕಟ್ಟಿದ ಮಾತು ಇದು. ಒಬ್ಬನು ತಪ್ಪನ್ನು ಒಪ್ಪಿಕೊಂಡಾಗ ಆ ತಪ್ಪು ಗಾಳಿಯಲ್ಲಿ ಕರಗಿಹೋಗುವದಿಲ್ಲ. ಅದು ಇನ್ನೊಬ್ಬರ ಹೊಟ್ಟೆಗೆ ಹೋಗುತ್ತದೆ. ಆದದರಿಂದ ಬೇಡುವವನು ಅದನ್ನು ಹೆಸರಿಟ್ಟು ತೋರಿಸದೆ, ಮುಚ್ಚಿದ ಪಾತ್ರೆಯನ್ನು ಅವರ ಮುಂದಿಟ್ಟು 'ಉಣ್ಣಿರಿ' ಎಂದರೆ ಅದು ನ್ಯಾಯವಲ್ಲ.

ನಿಘಂಟಿನ ಮಾತು ಇಷ್ಟು ಸಾಕು. ಎದೆಯನ್ನು ಶುಚಿಮಾಡಿಕೊಳ್ಳುವದೆಂದರೇನು, ಹಾಗೆ ತೋರಿದರೂ ಹಾಗಲ್ಲದ್ದು ಯಾವದು, ಎಂಬ ಎರಡನ್ನೂ ಒಂದೇ ಕಡೆಯಲ್ಲಿ ತೋರಿಸುವ ಚರಿತ್ರೆಯೊಂದುಂಟು. ಅದು ನಡೆದದ್ದು ಇಂಗ್ಲಿಷ್ ಭಾಷೆಯನ್ನಾಡುವ ಪ್ರೊಟೆಸ್ಟಂಟ್ ಜನರ ನಡುವೆ, ಅಮೇರಿಕದ ಮಸಾಚುಸೆಟ್ಸ್ ಸೀಮೆಯ ಸೇಲಮ್ ಎಂಬಲ್ಲಿ, 1692ರಲ್ಲಿ. (ನಮ್ಮ ನೆರೆಯ ತಮಿಳುಸೀಮೆಯ ಸೇಲಂ ಪಟ್ಟಣಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ.) ಈಗ ಹೇಳಿದ ನುಡಿಯು ಆ ವರುಷಗಳಲ್ಲಿ ಇನ್ನೂ ರೂಢಿಗೆ ಬಂದಿರಲಿಲ್ಲ, ಕಾರ್ಯವು ಮಾತಿಗಿಂತ ಹಳೆಯದು.

ಆ ವರುಷದ ಆರಂಭದಲ್ಲಿ ಸೇಲಮ್ ಹಳ್ಳಿಯ ಬೋಧಕನಾದ ಸ್ಯಾಮ್ಯುವೆಲ್ ಪ್ಯಾರಿಸನ ಮನೆಯಲ್ಲಿ ಅವನ ಚಿಕ್ಕ ಮಗಳೂ ಅವಳ ಬಂಧುವಾದ ಹುಡುಗಿಯೂ ವಿಪರೀತವಾಗಿ ಕೂಗಿಕೊಂಡು ಮೈತಿರುಚಿಕೊಳ್ಳಲಾರಂಭಿಸಿದರು. ಯಾರೋ ಮಾಟಮಾಡಿದ್ದಾರೆಂಬ ಮಾತು ಹುಟ್ಟಿತು. ಮೊದಲು ಮೂವರು ಸ್ತ್ರೀಯರನ್ನು ಹಿಡಿದರು. ಅವರಲ್ಲಿ ಟಿಟುಬಾ ಎಂಬವಳು ಬೋಧಕನ ಮನೆಯ ದಾಸಿಯೇ. ಬಳಿಕ ಬೆಂಕಿಯು ಹುಲ್ಲುಬಣವೆಗೆ ಹತ್ತಿದಂತಾಯಿತು. 150ಕ್ಕೂ ಹೆಚ್ಚು ಜನರ ಮೇಲೆ ಅಪವಾದ ಬಂತು. ಗವರ್ನರನಾದ ವಿಲಿಯಂ ಫಿಪ್ಸನು ಒಂದು ವಿಶೇಷ ನ್ಯಾಯಸ್ಥಾನವನ್ನು ನೇಮಿಸಿ, ವಿಲಿಯಂ ಸ್ಟೌಟನನನ್ನು ಅದರ ಮುಖ್ಯ ನ್ಯಾಯಾಧಿಪತಿಯನ್ನಾಗಿ ಮಾಡಿದನು. ಬಾಧೆಪಡುವ ಹುಡುಗಿಯರು, ಇಂಥವರ ನೆರಳಿನಂಥ ರೂಪವು ಬಂದು ನಮ್ಮನ್ನು ಚಿವುಟಿತು, ಕಚ್ಚಿತು ಎಂದು ಹೇಳಿದ್ದನ್ನು ಆ ನ್ಯಾಯಸ್ಥಾನವು ಸಾಕ್ಷಿಯಾಗಿ ಅಂಗೀಕರಿಸಿತು. ಬೇರಾರಿಗೂ ಕಾಣದ ರೂಪವನ್ನು ಅಲ್ಲವೆಂದು ಸಾಧಿಸುವದು ಯಾರಿಂದಾದೀತು? ಸಪ್ಟಂಬರದೊಳಗೆ 14 ಮಂದಿ ಸ್ತ್ರೀಯರನ್ನೂ 5 ಮಂದಿ ಪುರುಷರನ್ನೂ ಗಲ್ಲಿಗೇರಿಸಿದರು. ಸುಮಾರು 80 ವರುಷದ ಜೈಲ್ಸ್ ಕೋರಿ ಎಂಬ ರೈತನು ವಿಚಾರಣೆಗೆ ಒಳಪಡಲು ಸಮ್ಮತಿಸದೆ ಹೋದದ್ದರಿಂದ, ಅವನ ಮೈಮೇಲೆ ಭಾರವಾದ ಕಲ್ಲುಗಳನ್ನು ಹೇರಲಾಗಿ ಅವನು ಅದರಡಿಯಲ್ಲಿ ಸತ್ತನು. ಸೆರೆಮನೆಯಲ್ಲಿ ಸತ್ತವರು ಬೇರೆ.

ಇವರಲ್ಲಿ ರೆಬೆಕ್ಕಾ ನರ್ಸ್ ಎಂಬಾಕೆಯ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿರುತ್ತದೆ. ಆಕೆಗೆ 71 ವರುಷ. ಭಕ್ತಿಯುಳ್ಳ ಮುದುಕಿ ಎಂದು ನೆರೆಹೊರೆಯವರು ಅನೇಕರು ಆಕೆಯ ಪರವಾಗಿ ಕಾಗದಕ್ಕೆ ರುಜುಹಾಕಿದ್ದರು. ಜೂರಿಯ ಪಂಚರು ಮೊದಲು ಆಕೆಯನ್ನು ನಿರಪರಾಧಿಯೆಂದೇ ಹೇಳಿದರು. ಆಗ ಹುಡುಗಿಯರು ಕೂಗಾಡಿದರು. ನ್ಯಾಯಾಧಿಪತಿಗಳು ಅಸಮಾಧಾನಪಟ್ಟು, ವಿಚಾರಣೆಯಲ್ಲಿ ಆಕೆಯಾಡಿದ ಒಂದು ಮಾತನ್ನು ಪಂಚರಿಗೆ ನೆನಪಿಗೆ ತಂದರು. ಅದೇನಂದರೆ, ಮಾಟವನ್ನು ಒಪ್ಪಿಕೊಂಡಿದ್ದ ಒಬ್ಬ ಸೆರೆಯವಳನ್ನು ಸಾಕ್ಷಿಗಾಗಿ ಒಳಗೆ ತಂದಾಗ, ಅವಳು ತಮ್ಮವರಲ್ಲಿ ಒಬ್ಬಳೆಂಬರ್ಥದ ಮಾತನ್ನು ರೆಬೆಕ್ಕಾ ಆಡಿದ್ದಳು. ತಮ್ಮವರೆಂದರೆ ಮಾಟಗಾತಿಯರೋ? ಪಂಚರ ಹಿರಿಯನಾದ ಥಾಮಸ್ ಫಿಸ್ಕನು ಇದರ ಅರ್ಥವನ್ನು ಕೇಳಿದಾಗ ಆಕೆಯು ಉತ್ತರಕೊಡದೆ ನಿಂತಿದ್ದಳು. ಆ ಮೌನವನ್ನೇ ಆಕೆಗೆ ವಿರೋಧವಾಗಿ ಎಣಿಸಿ ಪಂಚರು ತೀರ್ಪನ್ನು ತಿರುಗಿಸಿ ಅಪರಾಧಿಯೆಂದರು. ತನ್ನ ಜೊತೆಯ ಸೆರೆಯವಳೆಂಬ ಭಾವದಿಂದ ಹಾಗಂದೆನೆಂದೂ, ಕಿವಿ ಮಂದವಾಗಿ ದುಃಖದಿಂದ ತುಂಬಿದ್ದದರಿಂದ ಪ್ರಶ್ನೆಯನ್ನು ತಿಳಿಯದೆ ಹೋದೆನೆಂದೂ ಆಕೆಯು ಬಳಿಕ ಬರೆಯಿಸಿಕೊಟ್ಟಳು. 1692ರ ಜುಲೈ 19ರಂದು ಆಕೆಯನ್ನು ಗಲ್ಲಿಗೇರಿಸಿದರು.

ಈ ಪಾಠವನ್ನು ಸಭೆಯಲ್ಲಿ ಓದಿಸುವ ಉಪದೇಶಿಗಳು ಇಲ್ಲಿ ನಿಂತು ಕೇಳುವವರಿಗೆ ಒಂದು ಪ್ರಶ್ನೆಯನ್ನು ಹಾಕಬಹುದು: ಆ ಕಾಲದಲ್ಲಿ ಪ್ರಾಣವನ್ನುಳಿಸಿಕೊಂಡವರು ಯಾರು? ಉತ್ತರವು ಅನೇಕರನ್ನು ಬೆರಗುಗೊಳಿಸೀತು. ಅಪರಾಧವನ್ನು ಒಪ್ಪಿಕೊಂಡವರೇ. ಸುಮಾರು 50 ಜನರು, ತಾವು ಮಾಟಮಾಡಿದ್ದು ನಿಜ, ಸೈತಾನನ ಪುಸ್ತಕಕ್ಕೆ ರುಜುಹಾಕಿದ್ದು ನಿಜ, ಎಂದು ಹೇಳಿದರು. ಹೀಗೆ ಹೇಳಿ ಆ ಮಾತಿನಲ್ಲಿಯೇ ನಿಂತವರಲ್ಲಿ ಒಬ್ಬರೂ ಗಲ್ಲಿಗೇರಲಿಲ್ಲ. ಒಪ್ಪಿಕೊಂಡ ಮೇಲೆ ಮನಸ್ಸಾಕ್ಷಿಯನ್ನು ತಾಳಲಾರದೆ ಆ ಮಾತನ್ನು ಹಿಂತೆಗೆದುಕೊಂಡ ಸ್ಯಾಮ್ಯುವೆಲ್ ವಾರ್ಡ್‌ವೆಲ್ಲನನ್ನು ಸಪ್ಟಂಬರ 22ರಂದು ಗಲ್ಲಿಗೇರಿಸಿದರು. ಅದೇ ದಿವಸ ಸತ್ತವಳು ರೆಬೆಕ್ಕಾಳ ತಂಗಿಯಾದ ಮೇರಿ ಈಸ್ಟಿ. ಆಕೆಯು ನ್ಯಾಯಾಧಿಪತಿಗಳಿಗೆ ಬರೆಯಿಸಿದ ಬಿನ್ನಹದಲ್ಲಿ ತನ್ನ ಪ್ರಾಣಕ್ಕಾಗಿ ಬೇಡಲಿಲ್ಲ. ಇನ್ನು ಮುಂದೆ ನಿರಪರಾಧಿಗಳ ರಕ್ತವು ಸುರಿಯದಂತೆ ಬೇರೆ ದಾರಿಯಿಂದ ವಿಚಾರಿಸಿರೆಂದು ಬೇಡಿದಳು. ತಾನು ಮಾಡದ್ದನ್ನು ಮಾಡಿದೆನೆಂದು ಹೇಳಿ ತನ್ನ ಆತ್ಮಕ್ಕೆ ಸುಳ್ಳಾಗಲಾರೆನೆಂಬ ಭಾವವನ್ನು ತಿಳಿಸಿದಳು.

ಹೀಗಿರಲಾಗಿ, 'ಎದೆಯನ್ನು ಶುಚಿಮಾಡಿಕೋ' ಎಂದು ಬಲಾತ್ಕರಿಸಿದ ಆ ನ್ಯಾಯಸ್ಥಾನವು ಅನೇಕರ ಶುದ್ಧವಾದ ಎದೆಗಳಲ್ಲಿ ಸುಳ್ಳಿನ ಕೊಳೆಯನ್ನು ತುಂಬಿತು. ಆಕಾನನ ಚರಿತ್ರೆಯನ್ನು ಬಲ್ಲ ನಮ್ಮ ಓದುಗರು ಇದನ್ನು ಯೆಹೋಶುವನ ಪುಸ್ತಕದ 7ನೆಯ ಅಧ್ಯಾಯದೊಂದಿಗೆ ಹೋಲಿಸಿ ನೋಡಲಿ. ಆಕಾನನು ಒಪ್ಪಿಕೊಂಡ ಕೂಡಲೆ ಯೆಹೋಶುವನು ಅವನ ಡೇರೆಗೆ ಆಳುಗಳನ್ನು ಕಳುಹಿಸಿದನು. ಅವರು ಅಗೆದು ನೋಡಲಾಗಿ ಶಿನಾರಿನ ನಿಲುವಂಗಿಯೂ, 200 ಶೆಕೆಲ್ ಬೆಳ್ಳಿಯೂ, 50 ಶೆಕೆಲ್ ತೂಕದ ಬಂಗಾರದ ಗಟ್ಟಿಯೂ ಅವನು ಹೇಳಿದಲ್ಲಿಯೇ ಸಿಕ್ಕಿದವು. ಬಾಯಿ ಹೇಳಿದ್ದನ್ನು ನೆಲವು ಸ್ಥಿರಪಡಿಸಿತು. ಸೇಲಮಿನಲ್ಲಿ ಅಗೆಯುವದಕ್ಕೆ ಏನಿತ್ತು? ಅಲ್ಲಿ ಒಬ್ಬಳ ಒಪ್ಪಿಗೆಗೆ ಆಧಾರವು ಇನ್ನೊಬ್ಬಳ ಒಪ್ಪಿಗೆ. ಪ್ರತಿಯೊಬ್ಬಳೂ ತನ್ನ ಪ್ರಾಣಕ್ಕಾಗಿ ಇನ್ನಿಬ್ಬರು ಮೂವರ ಹೆಸರನ್ನು ಹೇಳಬೇಕಾಗುತ್ತಿತ್ತು.

ಅಕ್ಟೋಬರದಲ್ಲಿ ಗವರ್ನರನು ಆ ನ್ಯಾಯಸ್ಥಾನವನ್ನು ನಿಲ್ಲಿಸಿದನು. 1693ರಲ್ಲಿ ಕೂತ ಬೇರೆ ನ್ಯಾಯಸ್ಥಾನವು ನೆರಳಿನ ಸಾಕ್ಷಿಯನ್ನು ಅಂಗೀಕರಿಸಲಿಲ್ಲವಾದದರಿಂದ ಉಳಿದವರಲ್ಲಿ ಹೆಚ್ಚಿನವರು ಬಿಡುಗಡೆಯಾದರು. ಸೆರೆಮನೆಯಲ್ಲಿ ತಿಂದ ಅನ್ನಕ್ಕೂ ಹಾಕಿದ ಬೇಡಿಗೂ ಹಣವನ್ನು ತೆತ್ತ ಮೇಲೆಯೇ ಅವರನ್ನು ಹೊರಗೆ ಬಿಟ್ಟರೆಂಬದನ್ನು ಕೂಡ ಹೇಳಬೇಕು. ಈಗ ಒಪ್ಪಿಕೊಳ್ಳುವ ಸರದಿಯು ನ್ಯಾಯತೀರಿಸಿದವರದಾಗಿತ್ತು. ಒಪ್ಪಿಕೊಂಡವರು ಯಾರು, ಹೇಗೆ?

ಮುಖ್ಯ ನ್ಯಾಯಾಧಿಪತಿಯಾದ ಸ್ಟೌಟನನು ಒಪ್ಪಿಕೊಳ್ಳಲೇ ಇಲ್ಲ. 1693ರಲ್ಲಿ ಮರಣದಂಡನೆ ಹೊಂದಿದ ಕೆಲವರಿಗೆ ಗವರ್ನರನು ತಡೆ ಕೊಟ್ಟನೆಂದು ಕೇಳಿದಾಗ ಅವನು ಸಿಟ್ಟಿನಿಂದ ನ್ಯಾಯಪೀಠವನ್ನು ಬಿಟ್ಟು ಎದ್ದುಹೋದನು. 1701ರಲ್ಲಿ ಸಾಯುವ ವರೆಗೂ ಅವನ ಬಾಯಿಂದ ಪಶ್ಚಾತ್ತಾಪದ ಮಾತು ಬಹಿರಂಗವಾಗಿ ಹೊರಡಲಿಲ್ಲ. ಬೋಧಕನಾದ ಪ್ಯಾರಿಸನು 1694ರಲ್ಲಿ ಸಭೆಯ ಮುಂದೆ ಒಂದು ಉದ್ದವಾದ ಬರವಣಿಗೆಯನ್ನು ಓದಿದನು. ತಾನು ಕೆಲವು ಸಂಗತಿಗಳಲ್ಲಿ ತಪ್ಪಿರಬಹುದು, ಆ ಕಾಲವು ಬಹು ಕತ್ತಲಾಗಿತ್ತು, ಎಂಬ ರೀತಿಯ ಮಾತುಗಳು ಅದರಲ್ಲಿದ್ದವು. ನರ್ಸ್ ಮನೆತನದವರಿಗೆ ಅದರಿಂದ ಸಮಾಧಾನವಾಗಲಿಲ್ಲ. ಕಡೆಗೆ ಅವನು ಆ ಊರಿನ ಬೋಧಕತನವನ್ನು ಬಿಡಬೇಕಾಯಿತು. ಅರಸನಾದ ಸೌಲನೂ ಸಮುವೇಲನ ಮುಂದೆ ಪಾಪಮಾಡಿದೆನೆಂದು ಹೇಳಿ, ಅದೇ ಉಸಿರಿನಲ್ಲಿ ಹಿರಿಯರ ಮುಂದೆ ತನ್ನ ಮಾನವನ್ನು ಕಾಪಾಡಬೇಕೆಂದು ಬೇಡಿದ್ದನಲ್ಲವೇ? ಅರಿಕೆಯೊಳಗೆ ಮಾನದ ಚಿಂತೆಯು ಹೊಕ್ಕರೆ ಮಾತು ಉದ್ದವಾಗುತ್ತದೆ.

ಇನ್ನೊಬ್ಬನಿದ್ದನು. ಅವನ ಹೆಸರು ಸ್ಯಾಮ್ಯುವೆಲ್ ಸೂಯಲ್. 1652ರಲ್ಲಿ ಇಂಗ್ಲಂಡಿನಲ್ಲಿ ಹುಟ್ಟಿ, ಬಾಲ್ಯದಲ್ಲಿ ಅಮೇರಿಕಕ್ಕೆ ಬಂದು, ಹಾರ್ವರ್ಡ್ ಕಾಲೇಜಿನಲ್ಲಿ ಓದಿ, ಬೋಸ್ಟನ್ ಪಟ್ಟಣದಲ್ಲಿ ವ್ಯಾಪಾರಮಾಡಿಕೊಂಡಿದ್ದ ಗೌರವಸ್ಥನು. ಸೇಲಮಿನ ನ್ಯಾಯಸ್ಥಾನದಲ್ಲಿ ಕೂತವರಲ್ಲಿ ಅವನೂ ಒಬ್ಬನು. ಅವನ ಮನೆಯಲ್ಲಿ ಮಕ್ಕಳು ಒಂದರ ಮೇಲೊಂದು ತೀರಿಹೋಗುತ್ತಿದ್ದವು. 1696ರ ಮೇ ತಿಂಗಳಲ್ಲಿ ಒಂದು ಗಂಡುಮಗುವು ಸತ್ತೇ ಹುಟ್ಟಿತು. ದಶಂಬರ 23ರಂದು ಎರಡು ವರುಷದ ಮಗಳಾದ ಸಾರಾ ತೀರಿಕೊಂಡಳು. ಮರುದಿನ ಅವನ ಮಗನು ತಂದೆಗೆ ಮತ್ತಾಯನ ಸುವಾರ್ತೆಯ 12ನೆಯ ಅಧ್ಯಾಯವನ್ನು ಲಾಟಿನ್ ಭಾಷೆಯಲ್ಲಿ ಒಪ್ಪಿಸುತ್ತಿದ್ದನು. 7ನೆಯ ವಚನಕ್ಕೆ ಬಂದಾಗ ಸೂಯಲನಿಗೆ ಸೇಲಮಿನ ಅನಾಹುತವು ಭಯಂಕರವಾಗಿ ನೆನಪಿಗೆ ಬಂತೆಂದು ಅವನೇ ದಿನಚರಿಯಲ್ಲಿ ಬರೆದಿದ್ದಾನೆ. ಯಜ್ಞಕ್ಕಿಂತ ಕರುಣೆಯನ್ನು ಬಯಸುವ ದೇವರನ್ನು ಅರಿಯದವರು ನಿರಪರಾಧಿಗಳನ್ನು ಅಪರಾಧಿಗಳೆಂದು ತೀರಿಸಿದ್ದನ್ನು ಕುರಿತು ಕರ್ತನು ಹೇಳಿದ ವಚನವದು. ಮಕ್ಕಳ ಸಾವನ್ನು ತಂದೆಯ ತಪ್ಪಿಗೆ ಶಿಕ್ಷೆಯೆಂದು ನಾವು ಬೋಧಿಸುವದಿಲ್ಲ. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಹಾಗೆ ಕೇಳಿದಾಗ ಕರ್ತನು ಅದನ್ನು ಒಪ್ಪಲಿಲ್ಲ. ಆದರೆ ಸೂಯಲನು ಹಾಗೆಯೇ ನಂಬಿದನು. ಆ ನಂಬಿಕೆಯು ಅವನ ಅಂತಃಕರಣವನ್ನು ಎಬ್ಬಿಸಿತು.

1697ರ ಜನವರಿ 14ನೆಯ ತಾರೀಖು ಆ ಸೀಮೆಯಲ್ಲೆಲ್ಲಾ ಉಪವಾಸದ ದಿನವಾಗಿ ಗೊತ್ತಾಗಿತ್ತು. ಸಭೆಯವರು ತಮ್ಮ ಬೇಡಿಕೆಗಳನ್ನು ಚೀಟಿಯಲ್ಲಿ ಬರೆದು ಬೋಧಕನ ಕೈಗೆ ಕೊಡುವ ಪದ್ಧತಿಯು ಆ ಸಭೆಗಳಲ್ಲಿತ್ತು. ಬೋಸ್ಟನಿನ ದಕ್ಷಿಣ ದೇವಾಲಯದಲ್ಲಿ ಬೋಧಕನಾದ ಸ್ಯಾಮ್ಯುವೆಲ್ ವಿಲ್ಲಾರ್ಡನು ತನ್ನ ಬಳಿಯಲ್ಲಿ ಹಾದುಹೋಗುವಾಗ ಸೂಯಲನು ಒಂದು ಚೀಟಿಯನ್ನು ಅವನ ಕೈಗೆ ಕೊಟ್ಟನು. ಅದನ್ನು ಓದಲಾರಂಭಿಸಿದಾಗ ತನ್ನ ಆಸನದಿಂದ ಎದ್ದು ನಿಂತನು. ಓದಿ ಮುಗಿಯುವ ವರೆಗೆ ಎಲ್ಲರ ಕಣ್ಣುಗಳ ಮುಂದೆ ನಿಂತಿದ್ದು, ಮುಗಿದ ಮೇಲೆ ತಲೆಬಾಗಿ ಕೂತುಕೊಂಡನು. ಅಷ್ಟೇ. ಚೀಟಿಯು ಚಿಕ್ಕದು. ಸೇಲಮಿನ ಆ ವಿಚಾರಣೆಯಿಂದ ಬಂದ ಅಪರಾಧದಲ್ಲಿ ತಾನು ಬಲ್ಲವರೆಲ್ಲರಿಗಿಂತ ತನ್ನ ಪಾಲು ಹೆಚ್ಚೆಂದೂ, ಅದರ ನಿಂದೆಯನ್ನೂ ನಾಚಿಕೆಯನ್ನೂ ತಾನೇ ಹೊರಲು ಬಯಸುತ್ತೇನೆಂದೂ, ಮನುಷ್ಯರ ಕ್ಷಮೆಯನ್ನು ಬೇಡುತ್ತೇನೆಂದೂ, ದೇವರು ತನ್ನ ಪಾಪವನ್ನು ಮನ್ನಿಸಿ ಅದರ ನಿಮಿತ್ತ ಸೀಮೆಯನ್ನು ದಂಡಿಸದಿರುವಂತೆ ಎಲ್ಲರೂ ಪ್ರಾರ್ಥಿಸಬೇಕೆಂದೂ ಅದರಲ್ಲಿ ಬರೆದಿತ್ತು. ಹುಡುಗಿಯರು ವಂಚಿಸಿದರು, ಕಾನೂನು ಹಾಗಿತ್ತು, ಸ್ಟೌಟನನು ಮುಖ್ಯನಾಗಿದ್ದನು, ಎಂಬ ಮಾತುಗಳನ್ನು ಅವನು ಹೇಳಬಹುದಾಗಿತ್ತು. ಅವೆಲ್ಲಾ ಸುಳ್ಳೂ ಅಲ್ಲ. ಒಂದನ್ನೂ ಹೇಳಲಿಲ್ಲ. ಆ ಒಂಭತ್ತು ಮಂದಿ ನ್ಯಾಯಾಧಿಪತಿಗಳಲ್ಲಿ ಹೀಗೆ ಬಹಿರಂಗವಾಗಿ ನಿಂತವನು ಅವನೊಬ್ಬನೇ.

ಅದೇ ಕಾಲದಲ್ಲಿ ಹನ್ನೆರಡು ಮಂದಿ ಪಂಚರು ಕೂಡ ಒಂದು ಕಾಗದಕ್ಕೆ ರುಜುಹಾಕಿ, ತಾವು ತಿಳಿಯದೆ ನಿರಪರಾಧಿಗಳ ರಕ್ತಕ್ಕೆ ಕಾರಣರಾದೆವೆಂದು ಹೆದರುವದಾಗಿ ಹೇಳಿ, ನೊಂದು ಉಳಿದವರ ಕ್ಷಮೆಯನ್ನು ಬೇಡಿಕೊಂಡರು. ಮೊದಲನೆಯ ರುಜು ಥಾಮಸ್ ಫಿಸ್ಕನದು. ಕಿವಿ ಕೇಳದ ಮುದುಕಿಯ ಮೌನವನ್ನು ಅಪರಾಧವಾಗಿ ಎಣಿಸಿದ ಅದೇ ಹಿರಿಯನು.

ಸೂಯಲನ ಅರಿಕೆಯಲ್ಲಿ ನಮಗೆ ಒಂದು ಕೊರತೆಯು ಕಾಣುತ್ತದೆ. ಚೀಟಿಯಲ್ಲಿ ಸತ್ತವರ ಹೆಸರು ಒಂದೂ ಇಲ್ಲ. ಅವನು ನಿಂತದ್ದು ಬೋಸ್ಟನಿನಲ್ಲಿ, ತನ್ನ ನೆರೆಯವರ ಮುಂದೆ. ತಾಯಿಯನ್ನು ಕಳಕೊಂಡ ಮಕ್ಕಳಿದ್ದದ್ದು ಸುಮಾರು 15 ಮೈಲು ದೂರದ ಸೇಲಮಿನಲ್ಲಿ. ಈ ಕೊರತೆಯಿಲ್ಲದ ಅರಿಕೆಯನ್ನು ಕಾಣಬೇಕಾದರೆ ಇನ್ನೂ ಒಂಭತ್ತು ವರುಷ ಮುಂದೆ ಹೋಗಬೇಕು. 1692ರಲ್ಲಿ 12 ವರುಷದವಳಾಗಿ ಅನೇಕರ ಮೇಲೆ ಅಪವಾದ ಹೊರಿಸಿದ ಆನ್ ಪಟ್ನಮ್ ಎಂಬವಳು 1706ರ ಆಗಸ್ಟಿನಲ್ಲಿ ಸೇಲಮ್ ಹಳ್ಳಿಯ ದೇವಾಲಯದಲ್ಲಿ ಎದ್ದು ನಿಂತಳು. ಹೊಸ ಬೋಧಕನಾದ ಜೋಸೆಫ್ ಗ್ರೀನನು ಅವಳ ಅರಿಕೆಯನ್ನು ಓದಿದನು. ನರ್ಸ್ ಮನೆತನದವರು ಅದೇ ಸಭೆಗೆ ಸೇರಿದವರು. ಅವರ ಮುಂದೆ, ಅವರ ತಾಯಿಯ ಹೆಸರನ್ನೇ ಹೇಳಿ, ರೆಬೆಕ್ಕಾಳ ಮತ್ತು ಆಕೆಯ ಇಬ್ಬರು ತಂಗಿಯರ ಮೇಲೆ ಸುಳ್ಳು ಹೊರಿಸುವದಕ್ಕೆ ತಾನು ಸಾಧನವಾದೆನೆಂದೂ, ಅದಕ್ಕಾಗಿ ಧೂಳಿನಲ್ಲಿ ಬೀಳಲು ಬಯಸುತ್ತೇನೆಂದೂ ಅವಳು ತಿಳಿಸಿದಳು. ಆದರೆ ಸೈತಾನನ ಮೋಸವೇ ಇದಕ್ಕೆ ಕಾರಣವೆಂದೂ ತನ್ನಲ್ಲಿ ಹಗೆಯಿರಲಿಲ್ಲವೆಂದೂ ಅದರಲ್ಲಿ ಬರೆದಿತ್ತು. ಏದೆನ್ ತೋಟದಿಂದ ಕೇಳಿಬರುವ ಉತ್ತರವೇ ಇದೆಂದು ಕೆಲವರು ಅವಳನ್ನು ಹಳಿದಿದ್ದಾರೆ. ನಾವು ಅಷ್ಟು ಕಠಿಣರಾಗಲಾರೆವು. ಹನ್ನೆರಡು ವರುಷದ ಮಗುವಿನ ಮಾತನ್ನು ನಂಬಿ ಹಗ್ಗವನ್ನು ಬಿಗಿದವರು ದೊಡ್ಡವರು. ತಾನೇ ಹೊಣೆಯೆಂಬ ಮಾತು ಸೂಯಲನಲ್ಲಿ ಪೂರ್ಣವಾಗಿದೆ, ಹೆಸರುಗಳಿಲ್ಲ. ಇವಳಲ್ಲಿ ಹೆಸರುಗಳುಂಟು, ಹೊಣೆಯು ಅರ್ಧ. ಸಭೆಯು ಅವಳನ್ನು ಕರ್ತನ ಮೇಜಿಗೆ ಸೇರಿಸಿಕೊಂಡಿತು. ನರ್ಸ್ ಮನೆತನದವರು ಆ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡರು. ಅದರ ಕಷ್ಟವನ್ನು ಅಳೆಯುವ ಬಳ್ಳವು ನಮ್ಮಲ್ಲಿಲ್ಲ.

ಜಕ್ಕಾಯನು ಅನ್ಯಾಯದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟನ್ನು ಹಿಂದಕ್ಕೆ ಕೊಡುತ್ತೇನೆಂದದ್ದನ್ನು ನಾವು ಬಲ್ಲೆವು. ನೀರನ್ನು ತಿರುಗಿಸಿಕೊಂಡ ಒಕ್ಕಲಿಗನು ಒಂದು ಸರದಿಯ ನೀರನ್ನಾದರೂ ಹಿಂದಕ್ಕೆ ಬಿಡಬಲ್ಲನು. ಸೇಲಮಿನಲ್ಲಿ ಹಿಂದಕ್ಕೆ ಕೊಡಬೇಕಾದದ್ದು ಪ್ರಾಣ. 1711ರಲ್ಲಿ ಸರಕಾರವು 22 ಮಂದಿಯ ಮೇಲಿನ ತೀರ್ಪನ್ನು ರದ್ದುಮಾಡಿ, ನೊಂದವರಿಗೂ ಅವರ ಮನೆಯವರಿಗೂ ಒಟ್ಟಿಗೆ 578 ಪೌಂಡು 12 ಶಿಲಿಂಗುಗಳನ್ನು ಹಂಚಿಕೊಟ್ಟಿತು. ಎಲ್ಲರ ಹೆಸರೂ ಅದರಲ್ಲಿ ಸೇರಲಿಲ್ಲ. 1957ರಲ್ಲಿಯೂ 2001ರಲ್ಲಿಯೂ ಇನ್ನು ಕೆಲವರ ಹೆಸರನ್ನು ನಿರ್ದೋಷವೆಂದು ತಿಳಿಸಿದರು.

ಕಡೆಗೆ ಒಂದು ಹೆಸರು ಉಳಿದಿತ್ತು: ಆಂಡೋವರ್ ಊರಿನ ಎಲಿಜಬೆತ್ ಜಾನ್ಸನ್. 1692ರಲ್ಲಿ ಅವಳಿಗೆ 22 ವರುಷ. ಮಾಟಮಾಡಿದೆನೆಂದು ಒಪ್ಪಿಕೊಂಡವರಲ್ಲಿ ಅವಳೂ ಒಬ್ಬಳು. ಮರಣದಂಡನೆಯ ತೀರ್ಪಾಗಿದ್ದರೂ ಗವರ್ನರನ ತಡೆಯಿಂದ ಬದುಕಿಕೊಂಡಳು. ಅವಳು ಮದುವೆಯಾಗಲಿಲ್ಲ, ಮಕ್ಕಳಿರಲಿಲ್ಲವಾದದರಿಂದ ಅವಳ ಪರವಾಗಿ ಸರಕಾರವನ್ನು ಕೇಳುವ ಸಂತತಿಯೂ ಇರಲಿಲ್ಲ. ಆಕೆಯ ಊರಿನ ಕಡೆಯ ಒಂದು ಶಾಲೆಯ ಎಂಟನೆಯ ತರಗತಿಯ ಮಕ್ಕಳು ತಮ್ಮ ಉಪಾಧ್ಯಾಯಿನಿಯೊಂದಿಗೆ ಹಳೆಯ ದಾಖಲೆಗಳನ್ನು ಓದಿ, ಆ ಹೆಸರು ಬಿಟ್ಟುಹೋದದ್ದನ್ನು ಕಂಡು, ಶಾಸನಸಭೆಗೆ ಬರೆದುಕೊಂಡರು. 2022ರಲ್ಲಿ ಮಸಾಚುಸೆಟ್ಸಿನ ಶಾಸನಸಭೆಯು ಅವಳ ಮೇಲಿದ್ದ ತೀರ್ಪನ್ನು ತೆಗೆದುಹಾಕಿತು.